ಉದ್ಯಮ ಮಾಡುವ ಧೈರ್ಯ ಹುಟ್ಟಿನಿಂದಲೇ ಬರಬೇಕಾ?

ಉದ್ಯಮ ಮಾಡುವ ಧೈರ್ಯ ತನಗಿಲ್ಲ ಅಂತ ಪತ್ರ ಬರೆದ ವಿದ್ಯಾರ್ಥಿಗೆ ಈ ಉತ್ತರ. ಬಿ.ಇ. ಕೊನೆಯ ವರ್ಷ, ಸ್ವಂತದ್ದು ಏನಾದರೂ ಮಾಡುವ ಆಸೆ, ಮನೆಯಲ್ಲೆಲ್ಲ ನೌಕರಿಯವರು, ಪಕ್ಕದ ಬೆಂಚಿನಲ್ಲಿ ವ್ಯಾಪಾರಸ್ಥರ ಮನೆಯ ಗೆಳೆಯ. ನೀವು ಬರೆದಿರುವುದು ನನ್ನದೇ ಕಥೆ. ಆದರೆ ಅವನ ಧೈರ್ಯ ರಕ್ತದಲ್ಲಿ ಬಂದದ್ದು, ನಿಮಗದು ಇಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ನಾನು ಹುಬ್ಬಳ್ಳಿಯಲ್ಲಿ ಓದಿದವನು. ಅಪ್ಪ ಮಾಸ್ತರು. ನನ್ನ ಗೆಳೆಯನ ಅಪ್ಪನದು ಅಮರಗೋಳದ ಎಪಿಎಂಸಿಯಲ್ಲಿ ದಲಾಲಿ ಅಂಗಡಿ. ನಾನು ಪ್ಲೇಸ್‌ಮೆಂಟ್ ಬಿಟ್ಟು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪ್ಯಾಕೆಟ್ ಮಾಡಿ ಬೆಂಗಳೂರಿಗೆ ಕಳಿಸತೊಡಗಿದೆ. ರೊಟ್ಟಿ ಬಡಿಯುವ ಅಕ್ಕಂದಿರು ನಮ್ಮ ಓಣಿಯಲ್ಲೇ ಇದ್ದರು. ಮಾಲು ಚೆನ್ನಾಗಿತ್ತು. ಬೆಂಗಳೂರಿನಲ್ಲಿ ನಮ್ಮ ಕಡೆಯವರಿಗೇನು ಕಡಿಮೆಯೇ, ಬೇಡಿಕೆಯೂ ಇತ್ತು.

ಮುಳುಗಿಸಿದ್ದು ಉದ್ರಿ. ಒಂದು ದೊಡ್ಡ ಅಂಗಡಿಯವರು ಫೋನಿನಲ್ಲೇ ಆರ್ಡರ್ ಕೊಟ್ಟರು, ತಿಂಗಳ ಕೊನೆಗೆ ದುಡ್ಡು ಅಂದರು. ನಾನು ಏನನ್ನೂ ಬರೆಸಿಕೊಳ್ಳಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಕಾಲೇಜಿನ ಯಾವ ವರ್ಕ್‌ಶಾಪ್‌ನಲ್ಲೂ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ರೊಟ್ಟಿ ಬಡಿದವರಿಗೆ ಶನಿವಾರಕ್ಕೆ ಬಟವಾಡೆ ಆಗಲೇಬೇಕು. ಜೋಳ, ಶೇಂಗಾ ನಗದು. ಬಸ್ ಪಾರ್ಸಲ್ಲೂ ನಗದು. ನನಗೆ ಬರಬೇಕಾದದ್ದು ಮಾತ್ರ ಉದ್ರಿ. ಹಾಗಾಗಿ ಆರ್ಡರ್ ಹೆಚ್ಚಾದಷ್ಟೂ ನನ್ನ ದುಡ್ಡೇ ಜಾಸ್ತಿ ಸಿಕ್ಕಿಕೊಂಡಿತು. ಲೆಕ್ಕದಲ್ಲಿ ಲಾಭ, ಶನಿವಾರ ಕೈಯಲ್ಲಿ ಕಾಸಿಲ್ಲ. ಮುರಿದ ರೊಟ್ಟಿಯ ನಷ್ಟ ಯಾರ ಪಾಲಿಗೆ ಅಂತಲೂ ಮಾತಾಗಿರಲಿಲ್ಲ. ರಟ್ಟಿನ ಡಬ್ಬಿಯ ತಳದಲ್ಲಿದ್ದವು ಚೂರಾಗುತ್ತಿದ್ದವು. ಒಂದು ರೊಟ್ಟಿ ಮುರಿದಿದ್ದರೂ ಅವರು ಇಡೀ ಪ್ಯಾಕೆಟ್ಟಿನ ದುಡ್ಡು ಹಿಡಿದರು. ಕೇಳೋಣ ಅಂದರೆ ಬಿಲ್ ಮೇಲೆ ಸಹಿ ಇಲ್ಲ, ಅಂಗಡಿಯ ಠಸ್ಸೆ (ಮೊಹರು) ಇಲ್ಲ.

ಕಾನೂನು ನಮ್ಮ ಕಡೆಗಿತ್ತು ಅಂತ ಆಮೇಲೆ ಗೊತ್ತಾಯಿತು. 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ, ಸಣ್ಣ ಉತ್ಪಾದಕರಿಂದ ಮಾಲು ಪಡೆದವರು ಹೆಚ್ಚೆಂದರೆ 45 ದಿನಗಳಲ್ಲಿ ದುಡ್ಡು ಕೊಡಬೇಕು. ಬರೆದ ಒಪ್ಪಂದ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಆದರೆ ನಾನು ಸಣ್ಣ ಉದ್ದಿಮೆ ಅಂತ ನೋಂದಣಿಯನ್ನೇ ಮಾಡಿಸಿರಲಿಲ್ಲ. ಈಗ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಪುಕ್ಕಟೆ ಆಗುತ್ತದೆ. ಮೊದಲ ಮಾಲು ಕಳಿಸುವ ಮುಂಚೆಯೇ ಮಾಡಿಸಿ.

ಎಲ್ಲ ನಿಂತ ಮೇಲೆ ಗೆಳೆಯ ಕೇಳಿದ್ದು ಒಂದೇ ಮಾತು: "ಠಸ್ಸೆ ಹಾಕಿಸಿಕೊಂಡಿದ್ದಿಲ್ಲೇನು?" ಅವನು ಶಾಲೆಯಿಂದ ಬಂದು ಅಂಗಡಿಯ ಗಾದಿ ಮೇಲೆ ಕೂತು, ಅಪ್ಪ ಯಾರಿಗೆ ಉದ್ರಿ ಬರೆಯುತ್ತಾರೆ, ಯಾರಿಗೆ ನಗುತ್ತಲೇ ಇಲ್ಲ ಅನ್ನುತ್ತಾರೆ ಅಂತ ನೋಡುತ್ತಾ ಬೆಳೆದವನು. ನೀವು ಧೈರ್ಯ ಅಂತ ಕರೆದದ್ದು ಇದನ್ನೇ.

ಮನಃಶಾಸ್ತ್ರಜ್ಞ ಐಸೆಕ್ ಐಜೆನ್ 1991ರಲ್ಲಿ ಬರೆದ ಪ್ರಬಂಧವೊಂದಿದೆ. ಉದ್ಯಮದ ಕಡೆ ವಿದ್ಯಾರ್ಥಿಗಳ ಮನಸ್ಸು ಯಾಕೆ ವಾಲುತ್ತದೆ ಅಂತ ಅಧ್ಯಯನ ಮಾಡುವವರು ಅದನ್ನೇ ಜಾಸ್ತಿ ಆಧಾರವಾಗಿ ಹಿಡಿಯುತ್ತಾರೆ. ಆ ಕೆಲಸ ನನಗೆ ಇಷ್ಟವಾ, ನನ್ನವರು ಏನಂತಾರೆ, ನನ್ನ ಕೈಲಿ ಆಗುತ್ತಾ, ಈ ಮೂರರಿಂದ ಉದ್ದೇಶ ಹುಟ್ಟುತ್ತದೆ ಅನ್ನುತ್ತದೆ ಅದು. ನನ್ನಲ್ಲಿ ಇಷ್ಟ ಬೇಕಾದಷ್ಟಿತ್ತು. ಕೈಲಾಗುತ್ತದೆ ಅನ್ನುವ ನಂಬಿಕೆ ಮಾತ್ರ ಬಿಸಿನೆಸ್ ಪ್ಲಾನ್ ಸ್ಪರ್ಧೆಯ ಬಹುಮಾನದಿಂದ ಬಂದದ್ದು. ಮೊದಲ ಪೆಟ್ಟಿಗೇ ಹೋಯಿತು, ಜೊತೆಗೆ ಆಸೆಯೂ ಸತ್ತುಹೋಯಿತು.

ಆಮೇಲೆ ಒಂದು ಕಾರ್ಖಾನೆಯ ಖರೀದಿ ವಿಭಾಗಕ್ಕೆ ಸೇರಿದೆ. ಅಲ್ಲಿ ದುಡ್ಡು ಕೊಡುವ ಕಡೆ ಕೂತು ನೋಡಿದೆ. ಬಿಲ್ ಮೇಲೆ ಆರ್ಡರ್ ನಂಬರ್ ಬರೆದು, ಗಡುವಿಗೆ ಮುಂಚೆಯೇ ಫೋನ್ ಮಾಡುವವರ ಚೆಕ್ಕು ಮೊದಲು ಹೋಗುತ್ತದೆ. ಸಂಕೋಚಪಟ್ಟು ಸುಮ್ನಿರುವವರದು ಕೊನೆಗೆ. ಅಷ್ಟು ಕಂಡ ಮೇಲೆಯೇ ಮತ್ತೆ ರೊಟ್ಟಿಗೆ ಕೈ ಹಾಕಿದ್ದು. ಈಗ ನಡೆಯುತ್ತಿದೆ.

ಹಾಗಾಗಿ ನೌಕರಿಯೋ ಉದ್ಯಮವೋ ಅಂತ ತಕ್ಕಡಿ ಹಿಡಿದು ಕೂರಬೇಡಿ. ಪ್ಲೇಸ್‌ಮೆಂಟ್ ಸಿಕ್ಕರೆ ಹೋಗಿ, ಆದರೆ ಖರೀದಿ ಅಥವಾ ಮಾರಾಟದ ಕೆಲಸ ಕೇಳಿ. ಸ್ಫೂರ್ತಿಯ ಭಾಷಣಗಳನ್ನು ಬಿಡಿ. ಧಾರವಾಡದ ಸಿಡಾಕ್ (ಉದ್ಯಮ ಶುರು ಮಾಡುವವರಿಗೆ ತರಬೇತಿ ಕೊಡುವ ಸರ್ಕಾರಿ ಕೇಂದ್ರ) ತರಬೇತಿಗೆ ಹೋಗುವುದಾದರೆ, ಉದ್ರಿ ವಸೂಲಿ ಹೇಗೆ ಅಂತ ಅಲ್ಲಿ ಮೊದಲು ಕೇಳಿ. ರಜೆಯಲ್ಲಿ ನಿಮ್ಮ ಗೆಳೆಯನ ಅಪ್ಪನ ಅಂಗಡಿಯಲ್ಲಿ ಕೂರಲು ಬಿಡುತ್ತಾರಾ, ವಿಚಾರಿಸಿ. ಸಂಬಳ ಬೇಡ, ಕಿರ್ದಿ (ದಿನದ ಲೆಕ್ಕದ ಪುಸ್ತಕ) ಬರೆಯಲು ಕೊಟ್ಟರೆ ಸಾಕು ಅನ್ನಿ.