ಒಂದೇ ಪಕ್ಷದ ಹಲವು ಅಭ್ಯರ್ಥಿಗಳಲ್ಲಿ ಒಬ್ಬರನ್ನು ಆರಿಸುವುದು ಹೇಗೆ?

ಅಮೆರಿಕದ ಮಿಷಿಗನ್‌ನಲ್ಲಿ ನೆಲೆಸಿದ್ದೇನೆ, ಪೌರತ್ವ ಸಿಕ್ಕಿ ಒಂದು ವರ್ಷವಾಗಿದೆ, ಆಗಸ್ಟ್ ತಿಂಗಳ ಪ್ರೈಮರಿಯೇ (ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಚುನಾವಣೆ) ನನ್ನ ಮೊದಲ ಮತದಾನ, ಒಂದೇ ಪಕ್ಷದ ಅಭ್ಯರ್ಥಿಗಳೆಲ್ಲ ಹೆಚ್ಚುಕಡಿಮೆ ಒಂದೇ ಮಾತಾಡುವಾಗ ಯಾರನ್ನು ಬೆಂಬಲಿಸಬೇಕೆಂದು ತಿಳಿಯುತ್ತಿಲ್ಲ ಎಂದು ಕೇಳಿದ್ದೀರಿ. ಯಾರಿಗೆ ಮತ ಹಾಕಬೇಕೆಂದು ನಾನು ಹೇಳುವುದಿಲ್ಲ. 2018ರ ಆಗಸ್ಟ್‌ನಲ್ಲಿ ನನಗೂ ಅದು ಮೊದಲ ಪ್ರೈಮರಿಯಾಗಿತ್ತು. ಆಗ ನಾನು ಹೇಗೆ ನಿರ್ಧರಿಸಿದೆ, ಅದರಲ್ಲಿ ಎಷ್ಟು ಸರಿಯಾಯಿತು, ಎಷ್ಟು ತಪ್ಪಿತು ಎಂಬುದನ್ನಷ್ಟೇ ಬರೆಯುತ್ತೇನೆ.

ಕರ್ನಾಟಕದಲ್ಲಿ ಮತದಾರರಾಗಿದ್ದು ಬಂದವರಿಗೆ ಈ ಗೊಂದಲ ಸಹಜವಾದದ್ದು. ಅಲ್ಲಿ ಟಿಕೆಟ್ ಹಂಚಿಕೆ ಹೈಕಮಾಂಡ್‌ಗೆ ಸೇರಿದ ವಿಷಯ. ಆಕಾಂಕ್ಷಿಗಳು ದೆಹಲಿಯಲ್ಲಿ ಬೀಡುಬಿಡುತ್ತಾರೆ, ಕೊನೆಯ ಗಳಿಗೆಯಲ್ಲಿ ಒಬ್ಬರ ಕೈಗೆ ಬಿ ಫಾರಂ ಸಿಗುತ್ತದೆ, ಸಿಗದವರಲ್ಲಿ ಕೆಲವರು ಬಂಡಾಯವೆದ್ದು ಪಕ್ಷೇತರರಾಗಿ ನಿಲ್ಲುತ್ತಾರೆ. ಇಷ್ಟೆಲ್ಲ ಮುಗಿದ ಮೇಲೆಯೇ ಮತದಾರನ ಸರದಿ. ಇಲ್ಲಿ ಬಿ ಫಾರಂ ಕೊಡುವ ಕೆಲಸವೇ ನಿಮ್ಮದು. ಮಿಷಿಗನ್‌ನಲ್ಲಿ ಬಂಡಾಯಕ್ಕೂ ಎಡೆಯಿಲ್ಲ, ಏಕೆಂದರೆ ಪ್ರೈಮರಿಯಲ್ಲಿ ಸೋತವರ ಹೆಸರು ಅದೇ ವರ್ಷದ ನವೆಂಬರ್ ಮುಖ್ಯ ಚುನಾವಣೆಯ ಮತಪತ್ರದಲ್ಲಿ ಬೇರೆ ಪಕ್ಷದ ಅಥವಾ ಪಕ್ಷೇತರರ ಸಾಲಿನಲ್ಲಿ ಅಚ್ಚಾಗುವಂತಿಲ್ಲ. ಪಕ್ಷದ ಚಿಹ್ನೆ ನೋಡಿ ಮತ ಹಾಕುವ ನಮ್ಮ ಹಳೆಯ ರೂಢಿ ಈ ಒಂದು ದಿನ ಯಾವ ಉಪಯೋಗಕ್ಕೂ ಬರುವುದಿಲ್ಲ.

2018ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ರಾಜ್ಯಪಾಲ ಹುದ್ದೆಗೆ ಮೂವರು ಕಣದಲ್ಲಿದ್ದರು. (ಇಲ್ಲಿನ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಯ ಅಧಿಕಾರವುಳ್ಳವರು ಎಂದು ಊರಿನವರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ.) ರಾಜ್ಯದ ಶಾಸನಸಭೆಯಲ್ಲಿ ಹದಿನಾಲ್ಕು ವರ್ಷ ಕಳೆದು, ಅದರ ಮೇಲ್ಮನೆಯಾದ ಸೆನೆಟ್‌ನಲ್ಲಿ ತಮ್ಮ ಪಕ್ಷದ ನಾಯಕಿಯಾಗಿದ್ದ ಗ್ರೆಚೆನ್ ವಿಟ್ಮರ್ ಒಬ್ಬರು. ಡೆಟ್ರಾಯಿಟ್ ನಗರದ ಆರೋಗ್ಯ ಇಲಾಖೆಯನ್ನು ನಡೆಸಿದ್ದ, ರಾಷ್ಟ್ರಮಟ್ಟದ ಎಡಪಂಥೀಯ ನಾಯಕ ಬರ್ನಿ ಸ್ಯಾಂಡರ್ಸ್ ಅವರ ಬೆಂಬಲವಿದ್ದ ವೈದ್ಯ ಅಬ್ದುಲ್ ಎಲ್-ಸಯೀದ್ ಇನ್ನೊಬ್ಬರು. ಮೂರನೆಯವರು ಶ್ರೀ ಥಾನೇದಾರ್.

ನನ್ನ ಪರೀಕ್ಷೆ ಆರಂಭವಾದದ್ದು ಈ ಮೂರನೆಯ ಹೆಸರಿನಿಂದ. ಥಾನೇದಾರ್ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು, ರಸಾಯನಶಾಸ್ತ್ರ ಓದಿ ಇಲ್ಲಿಗೆ ಬಂದು ಉದ್ಯಮಿಯಾದವರು. ಮನೆಮಾತು ಮರಾಠಿಯಾದರೂ ನಮ್ಮ ನೆಲದವರು. ಕೋಟಿ ಡಾಲರ್‌ಗೂ ಮೀರಿದ ಸ್ವಂತ ಹಣ ಸುರಿದು ಪ್ರಚಾರ ಮಾಡಿದ್ದರಿಂದ ಟಿವಿ ಹಚ್ಚಿದರೆ ಅವರ ಜಾಹೀರಾತು, ಹೆದ್ದಾರಿಗೆ ಹೋದರೆ ಅವರ ಫಲಕ ಕಾಣಿಸುತ್ತಿದ್ದವು. ಬೆಳಗಾವಿ ಜಿಲ್ಲೆಯ ಹುಡುಗನೊಬ್ಬನ ಮುಖ ಮಿಷಿಗನ್ ಹೆದ್ದಾರಿಯ ಮೇಲೆ ಅಷ್ಟು ದೊಡ್ಡದಾಗಿ ಕಂಡಾಗ ಎದೆಯುಬ್ಬಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಬ್ಬದೂಟಕ್ಕೆ ಸೇರಿದ ಸ್ನೇಹಿತರಲ್ಲಿ ಅರ್ಧದಷ್ಟು ಜನ ‘ನಮ್ಮವರು’ ಎಂಬ ಒಂದೇ ಮಾತಿನಲ್ಲಿ ತೀರ್ಮಾನ ಮುಗಿಸಿದ್ದರು. ಊರಿನಲ್ಲಿ ಜಾತಿ ನೋಡಿ ಮತ ಹಾಕುವವರನ್ನು ಬೈಯುತ್ತ ಬೆಳೆದ ನಾವು ಇಲ್ಲಿ ಬಂದು ಮಾಡುತ್ತಿರುವುದೇನು ಎಂಬ ಮುಜುಗರ ಅಂದು ರಾತ್ರಿ ನನ್ನನ್ನು ಕಾಡಿತು. ಅವರು ನಮ್ಮವರೆಂಬ ಕಾರಣಕ್ಕೆ ಮತ ಹಾಕಬಾರದೆಂದು ನಾನು ಹೇಳುತ್ತಿಲ್ಲ. ಆ ಹೆಮ್ಮೆಯನ್ನು ಹೆಮ್ಮೆಯೆಂದೇ ಗುರುತಿಸಿ, ಅದನ್ನು ಪಕ್ಕಕ್ಕಿಟ್ಟ ಮೇಲೆ ಕಾರಣಗಳೇನು ಉಳಿಯುತ್ತವೆಂದು ನೋಡಬೇಕಾಯಿತು. ಚುನಾಯಿತ ಹುದ್ದೆಯಲ್ಲಿ ಒಮ್ಮೆಯೂ ಇರದವರಿಗೆ ನೇರವಾಗಿ ರಾಜ್ಯವನ್ನೇ ಒಪ್ಪಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ಉಳಿದಿಬ್ಬರ ನಡುವಿನ ಆಯ್ಕೆ ಹೆಚ್ಚು ಕಷ್ಟದ್ದಾಗಿತ್ತು. ಎಲ್-ಸಯೀದ್ ರಾಜ್ಯದ ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ ಕೊಡುವ ಯೋಜನೆಯನ್ನು ಮುಂದಿಟ್ಟಿದ್ದರು. ವಿಟ್ಮರ್ ಹಾಳುಬಿದ್ದ ರಸ್ತೆಗಳನ್ನು ದುರಸ್ತಿ ಮಾಡಿಸುವುದನ್ನೇ ಘೋಷವಾಕ್ಯವಾಗಿಸಿಕೊಂಡಿದ್ದರು. ಆ ವರ್ಷ ಮಾರ್ಚ್‌ನಲ್ಲಿ ಗುಂಡಿಗೆ ಬಿದ್ದು ಎರಡು ಟೈರ್ ಕಳೆದುಕೊಂಡಿದ್ದ ನನಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಮನಸ್ಸು ಮೊದಲನೆಯದರತ್ತ ವಾಲುತ್ತಿತ್ತು. ಆದರೆ ಭರವಸೆ ಎಷ್ಟು ಒಳ್ಳೆಯದೆಂದು ಕೇಳುವುದರ ಜೊತೆಗೆ, ಅದನ್ನು ನೆರವೇರಿಸುವ ಅಧಿಕಾರ ಆ ಹುದ್ದೆಗೆ ಇದೆಯೇ ಎಂದೂ ಕೇಳಿಕೊಳ್ಳಬೇಕೆಂದು ಆಗ ಹೊಳೆಯಿತು. ಶಾಸನಸಭೆಯ ಎರಡೂ ಸದನಗಳು ರಿಪಬ್ಲಿಕನ್ನರ ಕೈಯಲ್ಲಿದ್ದವು, ನವೆಂಬರ್ ನಂತರವೂ ಹಾಗೆಯೇ ಉಳಿಯುವ ಲಕ್ಷಣವಿತ್ತು. 2013ರಲ್ಲಿ ರಿಪಬ್ಲಿಕನ್ ರಾಜ್ಯಪಾಲ ರಿಕ್ ಸ್ನೈಡರ್ ಅವರ ಕಾಲದಲ್ಲಿ ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್ ವಿಸ್ತರಣೆಯಾದಾಗ, ಸೆನೆಟ್‌ನಲ್ಲಿ ಬಹುಮತ ಹೊಂದಿಸಲು ವಿಟ್ಮರ್ ನಾಯಕತ್ವದ ಡೆಮಾಕ್ರಟರ ಮತಗಳು ಬೇಕಾಗಿದ್ದವು. ಎದುರಾಳಿಗಳೊಡನೆ ಕುಳಿತು ಕೆಲಸ ಸಾಧಿಸಿದ ದಾಖಲೆ ಅದು ಎಂದು ಭಾವಿಸಿ ಅವರಿಗೆ ಮತ ಹಾಕಿದೆ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಆಗದ ಕೆಲಸವೆಂದು ಯಾರೂ ಕೇಳದಿದ್ದರೆ ಅದು ಎಂದಿಗೂ ಆಗುವುದಿಲ್ಲ ಎಂದು ವಾದಿಸಿ ಎಲ್-ಸಯೀದ್ ಅವರಿಗೆ ಹಾಕಿದಳು. ಆ ವಾದಕ್ಕೆ ನನ್ನಲ್ಲಿ ಇಂದಿಗೂ ಪೂರ್ಣ ಉತ್ತರವಿಲ್ಲ. ವಿಟ್ಮರ್ ಅವರಿಗೆ ಸುಮಾರು ಶೇ 52, ಎಲ್-ಸಯೀದ್ ಅವರಿಗೆ ಶೇ 30, ಥಾನೇದಾರ್ ಅವರಿಗೆ ಶೇ 18 ಮತಗಳು ಬಂದವು.

ನನ್ನ ಲೆಕ್ಕಾಚಾರ ಅರ್ಧ ಮಾತ್ರ ನಿಜವಾಯಿತು. ರಸ್ತೆಗಳಿಗಾಗಿ ಪೆಟ್ರೋಲ್ ಮೇಲೆ ಗ್ಯಾಲನ್ನಿಗೆ 45 ಸೆಂಟ್ ತೆರಿಗೆ ಏರಿಸುವ, ರಾಜ್ಯಪಾಲರಾದ ವಿಟ್ಮರ್ ಅವರ 2019ರ ಪ್ರಸ್ತಾವವನ್ನು ಶಾಸನಸಭೆ ಒಪ್ಪಲಿಲ್ಲ. ಕೊನೆಗೆ 2020ರಲ್ಲಿ ಅದರ ಒಪ್ಪಿಗೆಯ ಅಗತ್ಯವಿಲ್ಲದ 350 ಕೋಟಿ ಡಾಲರ್‌ಗಳ ಸಾಲಪತ್ರದ ದಾರಿಯನ್ನು ಹಿಡಿದರು. ಮಾತುಕತೆಯ ಚಾತುರ್ಯ ನೋಡಿ ನಾನು ಮತ ಹಾಕಿದ್ದೆ, ಕೆಲಸ ನಡೆದದ್ದು ಹುದ್ದೆಗಿದ್ದ ಅಧಿಕಾರದಿಂದ.

ಕಣದಲ್ಲಿ ಮೂವರಿಗಿಂತ ಹೆಚ್ಚು ಜನರಿದ್ದರೆ ಯೋಚನೆಯ ರೀತಿಯನ್ನು ಸ್ವಲ್ಪ ಬದಲಿಸಬೇಕಾಗುತ್ತದೆ. ಅದೇ ದಿನ ನಾನಿರುವ ನೋವಿ ನಗರ ಆಗ ಸೇರಿದ್ದ 11ನೇ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಪಕ್ಷದ ಐವರು ಸ್ಪರ್ಧಿಸಿದ್ದರು, ಹೇಲಿ ಸ್ಟೀವನ್ಸ್ ಸುಮಾರು ಶೇ 27 ಮತಗಳಲ್ಲೇ ಗೆದ್ದರು. 2022ರಲ್ಲಿ ಡೆಟ್ರಾಯಿಟ್‌ನ ಬಹುಭಾಗ ಸೇರುವ 13ನೇ ಕ್ಷೇತ್ರದಲ್ಲಿ ಒಂಬತ್ತು ಅಭ್ಯರ್ಥಿಗಳ ನಡುವೆ ಶೇ 28ರಷ್ಟು ಮತ ಪಡೆದು ಗೆದ್ದವರು ಇದೇ ಥಾನೇದಾರ್, ಅಷ್ಟರಲ್ಲಿ ಅವರು ರಾಜ್ಯದ ಕೆಳಮನೆಯ ಸದಸ್ಯರೂ ಆಗಿದ್ದರು. ಕಪ್ಪು ಜನರೇ ಬಹುಸಂಖ್ಯಾತರಾಗಿರುವ ಆ ನಗರಕ್ಕೆ ಸುಮಾರು ಎಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಕಾಂಗ್ರೆಸ್‌ನಲ್ಲಿ ಕಪ್ಪು ಪ್ರತಿನಿಧಿ ಇಲ್ಲದಂತಾಯಿತು. ನಮ್ಮವರೊಬ್ಬರು ಗೆದ್ದರೆಂಬ ನಮ್ಮ ಸಂತೋಷದ ಪಕ್ಕದಲ್ಲಿ, ತಮ್ಮವರೊಬ್ಬರು ಇಲ್ಲವಾದರೆಂಬ ಅವರ ಬೇಸರವೂ ಅಷ್ಟೇ ನ್ಯಾಯವಾದದ್ದು. ಇಲ್ಲಿ ಎರಡನೇ ಸುತ್ತಿನ ಮತದಾನವಿಲ್ಲ, ಮುಂದಿದ್ದವರೇ ಗೆಲ್ಲುತ್ತಾರೆ. ಆದ್ದರಿಂದ ಅಂತಹ ಕಣದಲ್ಲಿ ನಿಮಗೆ ತೀರ ಒಪ್ಪಿಗೆಯಾದವರಿಗೆ ಎಲ್ಲಿಯೂ ಬೆಂಬಲ ಕಾಣದಿದ್ದರೆ, ಒಪ್ಪಬಹುದಾದ ಎರಡನೆಯವರ ಕಡೆಗೆ ತಿರುಗುವುದರಲ್ಲಿ ತಪ್ಪಿಲ್ಲ.

ಆದರೆ ‘ನವೆಂಬರ್‌ನಲ್ಲಿ ಗೆಲ್ಲಬಲ್ಲವರಿಗೆ ಮಾತ್ರ ಹಾಕಿ’ ಎಂಬ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. 2016ರ ಮಾರ್ಚ್‌ನಲ್ಲಿ ಸಮೀಕ್ಷೆಗಳೆಲ್ಲ ಹಿಲರಿ ಕ್ಲಿಂಟನ್ ಬಹಳ ಮುಂದಿದ್ದಾರೆಂದು ಹೇಳುತ್ತಿದ್ದಾಗ ಮಿಷಿಗನ್‌ನ ಅಧ್ಯಕ್ಷೀಯ ಪ್ರೈಮರಿಯನ್ನು ಗೆದ್ದವರು ಸ್ಯಾಂಡರ್ಸ್. ಅದೇ ನವೆಂಬರ್‌ನಲ್ಲಿ ಟ್ರಂಪ್ ಈ ರಾಜ್ಯವನ್ನು 10,704 ಮತಗಳ ಅಂತರದಿಂದ ಪಡೆದರು. ನೆರೆಯವರ ಮನಸ್ಸನ್ನು ಊಹಿಸಲು ಸಮೀಕ್ಷಕರಿಗೇ ಆಗದಿದ್ದಾಗ, ಅದೇ ಊಹೆಯ ಮೇಲೆ ನನ್ನ ಮತವನ್ನು ನಿಲ್ಲಿಸಲು ನನಗೆ ಇಷ್ಟವಿಲ್ಲ.

ಮತಪತ್ರದ ವಿಷಯದಲ್ಲಿ ಒಂದು ಎಚ್ಚರ ಬೇಕು. ಮಿಷಿಗನ್‌ನಲ್ಲಿ ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಳ್ಳಬೇಕಾಗಿಲ್ಲ. ಆಗಸ್ಟ್‌ನ ಮತಪತ್ರದಲ್ಲಿ ಪಕ್ಷಗಳ ಅಂಕಣಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಒಂದು ಹುದ್ದೆಗೆ ಈ ಪಕ್ಷದಲ್ಲಿ, ಇನ್ನೊಂದಕ್ಕೆ ಆ ಪಕ್ಷದಲ್ಲಿ ಗುರುತು ಮಾಡಿದರೆ ಪಕ್ಷಗಳ ಭಾಗದಲ್ಲಿ ನೀವು ಹಾಕಿದ ಮತಗಳಾವುವೂ ಎಣಿಕೆಗೆ ಬರುವುದಿಲ್ಲ. ಅಂಚೆಯಲ್ಲಿ ಮತ ಹಾಕುವುದಾದರೆ ತೀರ ಮುಂಚಿತವಾಗಿ ಕಳುಹಿಸಬೇಡಿ. 2020ರ ಅಧ್ಯಕ್ಷೀಯ ಪ್ರೈಮರಿಯಲ್ಲಿ ಪೀಟ್ ಬುಟಿಜೆಜ್, ಏಮಿ ಕ್ಲೋಬುಶಾರ್, ಎಲಿಜಬೆತ್ ವಾರನ್ ಮಾರ್ಚ್ ಮೊದಲ ವಾರದಲ್ಲೇ ಹಿಂದೆ ಸರಿದಾಗ, ಮಾರ್ಚ್ 10ರ ಮತದಾನಕ್ಕಾಗಿ ಅವರಿಗೆ ಮತ ಹಾಕಿ ಕಳುಹಿಸಿದ್ದವರು ನಗರದ ಕ್ಲರ್ಕ್ ಕಚೇರಿಗೆ ಹೋಗಿ ಹಳೆಯ ಮತಪತ್ರವನ್ನು ರದ್ದುಪಡಿಸಿ ಹೊಸದನ್ನು ಪಡೆಯಬೇಕಾಯಿತು. ಹಾಗೆ ಮಾಡಲು ಗಡುವಿರುತ್ತದೆ, ಅದನ್ನು ನಿಮ್ಮ ಕ್ಲರ್ಕ್ ಕಚೇರಿಯಲ್ಲಿಯೇ ಕೇಳಿಕೊಳ್ಳಿ.

ಕೊನೆಯದಾಗಿ, ಅದೇ ಮತಪತ್ರದ ಕೆಳಗೆ ಪ್ರಿಸಿಂಕ್ಟ್ ಡೆಲಿಗೇಟ್ ಎಂಬ ಸಾಲೊಂದಿರುತ್ತದೆ. ನಿಮ್ಮ ಮತಗಟ್ಟೆಯ ವ್ಯಾಪ್ತಿಯಿಂದ ಪಕ್ಷದ ಸಮಾವೇಶಗಳಿಗೆ ಹೋಗುವ ಪ್ರತಿನಿಧಿ ಅವರು. ರಾಜ್ಯದ ಅಟಾರ್ನಿ ಜನರಲ್ ಅಭ್ಯರ್ಥಿಯನ್ನು ಇಲ್ಲಿ ಪಕ್ಷಗಳು ಆರಿಸುವುದು ಪ್ರೈಮರಿಯಲ್ಲಲ್ಲ, ಸಮಾವೇಶದಲ್ಲಿ. 2018ರಲ್ಲಿ ನನ್ನ ಮತಪತ್ರದ ಆ ಸಾಲಿನಲ್ಲಿ ಒಂದು ಹೆಸರೂ ಇರಲಿಲ್ಲ. ಎರಡು ವರ್ಷಗಳ ನಂತರ ಅಲ್ಲಿ ನನ್ನ ಹೆಂಡತಿಯ ಹೆಸರಿತ್ತು, ಆ ಒಂದು ಸಾಲಿನಲ್ಲಿ ಮಾತ್ರ ನಾನು ಯಾವ ವಿಚಾರವನ್ನೂ ಮಾಡದೆ ಮತ ಹಾಕಿದೆ.