ಓದುಗರ ಪ್ರಶ್ನೆ: ರವೆ ಕಾಳಿನಷ್ಟು ವೈರಸ್

ಪ್ರಶ್ನೆ: 2020ರ ಮಾರ್ಚ್‌ನಲ್ಲಿ ಯುನಿಸೆಫ್ ಹೆಸರಿನ ವಾಟ್ಸಾಪ್ ಸಂದೇಶವೊಂದು ಓಡಾಡಿತ್ತು. ಕೊರೊನಾ ವೈರಸ್ 400–500 ‘ಮೈಕ್ರೊ’ ಗಾತ್ರದ್ದು, 26–27 ಡಿಗ್ರಿ ಬಿಸಿಗೆ ಸಾಯುತ್ತದೆ, ಐಸ್‌ಕ್ರೀಂ ತಿನ್ನಬೇಡಿ ಎಂದೆಲ್ಲ ಇತ್ತು. ಇಂಥದ್ದನ್ನು ಪರಿಶೀಲಿಸುವುದು ಹೇಗೆ? (ಓದುಗರು, ಹಾವೇರಿ)

ಉತ್ತರ: ಮೊದಲು ಒಂದೊಂದು ಮಾತನ್ನೂ ಬಿಡಿಸಿ ಬರೆದುಕೊಳ್ಳಬೇಕು. ಕೈ ತೊಳೆಯಿರಿ ಎಂಬ ಸರಿಯಾದ ಸಲಹೆಯೂ ಅದರಲ್ಲೇ ಇತ್ತು. ಇಡೀ ಸಂದೇಶಕ್ಕೆ ‘ಸುಳ್ಳು’ ಎಂದು ಮುದ್ರೆ ಒತ್ತಿದರೆ ಅದೂ ಕೊಚ್ಚಿಹೋಗುತ್ತದೆ.

ಆಮೇಲೆ, ಯುನಿಸೆಫ್ ಹೀಗೆ ಹೇಳಿತ್ತೇ? ಅದರ ಜಾಲತಾಣದಲ್ಲಿ ಸಿಗಲಿಲ್ಲ ಎಂದಮಾತ್ರಕ್ಕೆ ಹೇಳಿಲ್ಲ ಎಂದಾಗದು, ನೇರವಾಗಿ ಕೇಳಬೇಕು. ಇಲ್ಲಿ ಆ ಸಂಸ್ಥೆಯೇ ಅದೇ ತಿಂಗಳು ಹೇಳಿಕೆ ಕೊಟ್ಟು, ಐಸ್‌ಕ್ರೀಂ ಸಂದೇಶ ತನ್ನದಲ್ಲ ಎಂದಿತು.

ಉಳಿದದ್ದು ಲೆಕ್ಕ. ‘ಮೈಕ್ರೊ’ ಎಂದರೆ ಮೈಕ್ರೊ ಏನು? ಅಳತೆಯ ಹೆಸರೇ ಇಲ್ಲ. ಮೈಕ್ರೊಮೀಟರ್ ಎಂದೇ ಹಿಡಿದರೂ 400 ಎಂದರೆ 0.4 ಮಿಲಿಮೀಟರ್, ಸಣ್ಣ ರವೆಯ ಕಾಳಿನಷ್ಟು, ಬರಿಗಣ್ಣಿಗೇ ಕಾಣಬೇಕಿತ್ತು! ನಿಜವಾದ ಗಾತ್ರ ಸುಮಾರು 0.1 ಮೈಕ್ರೊಮೀಟರ್. ಇನ್ನು 27 ಡಿಗ್ರಿಗೇ ಸಾಯುವುದಾದರೆ 37 ಡಿಗ್ರಿಯ ನಮ್ಮ ಮೈಯಲ್ಲಿ ಅದು ಬದುಕುವುದಾದರೂ ಹೇಗೆ?

ಪ್ರಶ್ನೆ: ‘ಕೊರೊನಾ ಲಸಿಕೆ ಹಾಕಿಸಿಕೊಂಡವರೆಲ್ಲ ಎರಡು ವರ್ಷದಲ್ಲಿ ಸಾಯುತ್ತಾರೆ’ ಎಂದು ನೊಬೆಲ್ ವಿಜ್ಞಾನಿಯೇ ಹೇಳಿದ್ದರಂತೆ? (ಓದುಗರು, ಮಂಡ್ಯ)

ಉತ್ತರ: 2021ರ ಮೇ ತಿಂಗಳಲ್ಲಿ ಲೂಕ್ ಮೊಂತಾನ್ಯೇ ಹೆಸರಲ್ಲಿ ಹರಿದಾಡಿದ ಮಾತಿದು. ಇಂಥಲ್ಲಿ ಮೂಲ ಸಂದರ್ಶನವನ್ನೇ ಹುಡುಕಬೇಕು. ಹರಿದಾಡುವ ವಿಡಿಯೊ ತುಣುಕಿನಿಂದ ನಾಲ್ಕಾರು ಸ್ಕ್ರೀನ್‌ಶಾಟ್ ತೆಗೆದು, ಮೇಲೆ ಅಂಟಿಸಿದ ಬರಹವನ್ನು ಕತ್ತರಿಸಿ, ಚಿತ್ರದಿಂದಲೇ ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹಾಕಿ. ಬರಹ ಉಳಿದರೆ ಅದೇ ಫಾರ್ವರ್ಡ್‌ಗಳೇ ಮತ್ತೆ ಸಿಗುತ್ತವೆ. ಸಂದರ್ಶನ ಫ್ರೆಂಚ್‌ನಲ್ಲಿತ್ತು. ಭಾಷೆ ಬಲ್ಲವರು ಕೇಳಿ ನೋಡಿದರೆ ಆ ಮಾತು ಅದರಲ್ಲಿ ಇರಲೇ ಇಲ್ಲ. ಲಸಿಕೆಯಿಂದಲೇ ರೂಪಾಂತರಿಗಳು ಹುಟ್ಟುತ್ತವೆ ಎಂದು ಮಾತ್ರ ಅವರು ಹೇಳಿದ್ದು ಹೌದು. ಅದು ಬೇರೆಯೇ ವಾದ, ಅದಕ್ಕೆ ಬೇರೆಯೇ ಪರಿಶೀಲನೆ ಬೇಕು. 2008ರ ನೊಬೆಲ್ ಅವರಿಗೆ ಬಂದದ್ದು ಎಚ್‌ಐವಿ ಸಂಶೋಧನೆಗೆ. ಆ ಪದಕ ಈ ವಾದಕ್ಕೆ ಸಾಕ್ಷಿಯಾಗದು.

ಪ್ರಶ್ನೆ: ವಾಟ್ಸಾಪ್‌ನ ಜೋಡಿ ಬಾಣದ ಗುರುತು ಸುಳ್ಳಿನ ಸೂಚನೆಯೇ? (ಓದುಗರು, ಕಾರವಾರ)

ಉತ್ತರ: ಅಲ್ಲ. ಐದು ಅಥವಾ ಹೆಚ್ಚು ಕೈ ದಾಟಿ ಬಂದಿದೆ ಎಂದಷ್ಟೇ ಅದರ ಅರ್ಥ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಸಂದೇಶಗಳು ಗೂಢಲಿಪಿಯಲ್ಲಿ ಹೋಗುವುದರಿಂದ ಒಳಗೇನು ಓಡುತ್ತಿದೆ ಎಂದು ಪರಿಶೀಲಕರಿಗೆ ಕಾಣದು. ಅದಕ್ಕೇ ಅವರು, ಅನುಮಾನ ಬಂದದ್ದನ್ನು ಕಳಿಸಿ ಎಂದು ಓದುಗರಿಗೆ ವಾಟ್ಸಾಪ್ ನಂಬರ್ ಕೊಡುವುದು. ಕಳಿಸುವಾಗ ಸ್ಕ್ರೀನ್‌ಶಾಟ್ ಬದಲು ಸಂದೇಶವನ್ನೇ ಫಾರ್ವರ್ಡ್ ಮಾಡಿ, ಹಿಂದೆ ಪರಿಶೀಲಿಸಿದ ಸಂದೇಶಗಳೊಂದಿಗೆ ಅಕ್ಷರಕ್ಕಕ್ಷರ ತಾಳೆ ನೋಡಲು ಸುಲಭ.