ರೇಲ್ಸ್ 6.1ರಿಂದ 7.2ಕ್ಕೆ: ಆಕ್ಟಿವ್ ಸಪೋರ್ಟ್‌ನಲ್ಲಿ ಏನು ಮುರಿಯುತ್ತದೆ, ಏನು ಸುಧಾರಿಸಿದೆ?

ನೀವು ಕೇಳಿದ್ದು ಇಷ್ಟು: ಆ್ಯಪ್ ರೇಲ್ಸ್ (ರೂಬಿ ಭಾಷೆಯ ವೆಬ್ ಫ್ರೇಮ್‌ವರ್ಕ್) 6.1ರಲ್ಲಿದೆ, 7.2ಕ್ಕೆ ಒಯ್ಯಬೇಕು. ರೂಬಿಯ ಕ್ಲಾಸ್‌ಗಳಿಗೆ ಹೆಚ್ಚಿನ ಮೆಥಡ್‌ಗಳನ್ನು ಸೇರಿಸುವ ರೇಲ್ಸ್‌ನ ಭಾಗವಾದ ಆಕ್ಟಿವ್ ಸಪೋರ್ಟ್‌ನ ಬದಲಾವಣೆಗಳಲ್ಲಿ ಯಾವುದಕ್ಕೆ ಹೆದರಬೇಕು, ಯಾವುದರಿಂದ ಲಾಭ, ಒಂದೇ ಜಿಗಿತಕ್ಕೆ ಹೋಗಬಹುದೇ?

ಒಂದೇ ಜಿಗಿತ ಬೇಡ. 7.0 (ಡಿಸೆಂಬರ್ 2021), 7.1 (ಅಕ್ಟೋಬರ್ 2023), 7.2 (ಆಗಸ್ಟ್ 2024), ಮೂರರಲ್ಲೂ ಪ್ರೊಡಕ್ಷನ್‌ವರೆಗೆ ಹೋಗಿ ಬನ್ನಿ. ಆಕ್ಟಿವ್ ಸಪೋರ್ಟ್ ಒಂದು ಆವೃತ್ತಿಯಲ್ಲಿ ಎಚ್ಚರಿಕೆ ಕೊಟ್ಟು ಮುಂದಿನದರಲ್ಲಿ ಮೆಥಡ್ ತೆಗೆಯುತ್ತದೆ. ನಡುವಿನದನ್ನು ಬಿಟ್ಟರೆ ಎಚ್ಚರಿಕೆ ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಟೆಸ್ಟ್ ಎನ್ವಿರಾನ್‌ಮೆಂಟ್‌ನಲ್ಲಿ ಕಾನ್ಫಿಗ್.ಆಕ್ಟಿವ್_ಸಪೋರ್ಟ್.ಡೆಪ್ರಿಕೇಶನ್ ಅನ್ನು :ರೈಸ್ ಎಂದು ಇಟ್ಟರೆ ಲಾಗ್‌ನಲ್ಲಿ ಹುಡುಕುವ ಕೆಲಸ ತಪ್ಪುತ್ತದೆ, ಟೆಸ್ಟ್ ಅಲ್ಲೇ ಬೀಳುತ್ತದೆ. ರೂಬಿಯ ಲೆಕ್ಕವನ್ನೂ ನೋಡಿಕೊಳ್ಳಿ: 7.0 ಮತ್ತು 7.1ಕ್ಕೆ ಕನಿಷ್ಠ 2.7 ಸಾಕು, 7.2ಕ್ಕೆ 3.1 ಬೇಕೇ ಬೇಕು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಜೆಮ್‌ನ (ರೂಬಿಯ ಲೈಬ್ರರಿ ಪ್ಯಾಕೇಜ್) ಆವೃತ್ತಿ ಏರಿಸುವುದು ಬೇರೆ, ಲೋಡ್_ಡಿಫಾಲ್ಟ್ಸ್ (ಯಾವ ಆವೃತ್ತಿಯ ಡಿಫಾಲ್ಟ್ ಸೆಟ್ಟಿಂಗ್‌ಗಳು ಬೇಕೆಂದು ಹೇಳುವ ಸಾಲು) ಏರಿಸುವುದು ಬೇರೆ. ಜೆಮ್ 7.0 ಆದ ಮೇಲೂ ಲೋಡ್_ಡಿಫಾಲ್ಟ್ಸ್ 6.1ರಲ್ಲೇ ಇರಬಹುದು, ಇರಲಿ ಕೂಡ. ಬಿನ್/ರೇಲ್ಸ್ ಆ್ಯಪ್:ಅಪ್‌ಡೇಟ್ ಓಡಿಸಿದರೆ ಹೊಸ ಡಿಫಾಲ್ಟ್‌ಗಳೆಲ್ಲ ಕಾಮೆಂಟ್ ಆಗಿರುವ ಒಂದು ಇನಿಶಿಯಲೈಸರ್ ಫೈಲ್ ಬರುತ್ತದೆ. ಒಂದೊಂದೇ ಸಾಲಿನ ಕಾಮೆಂಟ್ ತೆಗೆದು, ಡೆಪ್ಲಾಯ್ ಮಾಡಿ, ಎಲ್ಲ ಮುಗಿದ ಮೇಲೆ ಫೈಲ್ ಅಳಿಸಿ ಲೋಡ್_ಡಿಫಾಲ್ಟ್ಸ್ ಏರಿಸಿ. ಮೆಥಡ್ ಹೋದದ್ದು ಎರರ್ ಕೊಟ್ಟು ತಾನೇ ಗೊತ್ತಾಗುತ್ತದೆ. ಡಿಫಾಲ್ಟ್ ಬದಲಾದದ್ದು ಸದ್ದೇ ಮಾಡುವುದಿಲ್ಲ. ನಿಜವಾದ ತಲೆನೋವು ಇರುವುದು ಅಲ್ಲಿ.

ಸದ್ದು ಮಾಡುವವುಗಳಿಂದ ಶುರು ಮಾಡೋಣ. ಎಲ್ಲಕ್ಕಿಂತ ಹೆಚ್ಚು ಕಡೆ ಸಿಗುವುದು ಟು_ಎಸ್‌ಗೆ ಫಾರ್ಮ್ಯಾಟ್ ಕೊಡುವ ಅಭ್ಯಾಸ. ಡೇಟ್.ಟು_ಎಸ್(:ಶಾರ್ಟ್), ಟೈಮ್.ಟು_ಎಸ್(:ಡಿಬಿ), ಸಂಖ್ಯೆಗೆ ಟು_ಎಸ್(:ಡಿಲಿಮಿಟೆಡ್), ಇವೆಲ್ಲಕ್ಕೂ 7.0 ಎಚ್ಚರಿಸುತ್ತದೆ, 7.1ರಲ್ಲಿ ಸೌಲಭ್ಯವೇ ಇಲ್ಲ. ಬದಲಿಗೆ ಟು_ಎಫ್‌ಎಸ್ ಬಳಸಬೇಕು. ಕಾರಣ ವೇಗ: ರೂಬಿ 3.1 ಕೆಲವು ಬಗೆಯ ವಸ್ತುಗಳನ್ನು ಸ್ಟ್ರಿಂಗ್ ಒಳಗೆ ಸೇರಿಸುವುದನ್ನು ಚುರುಕು ಮಾಡಿದೆ, ಆದರೆ ಟು_ಎಸ್ ಅನ್ನು ಯಾರಾದರೂ ತಿದ್ದಿ ಬರೆದಿದ್ದರೆ ಆ ಲಾಭ ಸಿಗದು. ಹುಡುಕುವಾಗ ಟು_ಎಸ್ ಆದ ಮೇಲೆ ಬ್ರಾಕೆಟ್ ಮತ್ತು ಕೋಲನ್ ಇರುವುದನ್ನು ಮಾತ್ರ ಹುಡುಕಬೇಡಿ. ಬ್ರಾಕೆಟ್ ಇಲ್ಲದೆ ಬರೆದವೂ, ಫಾರ್ಮ್ಯಾಟ್ ಅನ್ನು ವೇರಿಯಬಲ್‌ನಲ್ಲಿಟ್ಟು ಕೊಟ್ಟವೂ ತಪ್ಪಿಸಿಕೊಳ್ಳುತ್ತವೆ. ಟು_ಎಸ್(2) ತರಹದ್ದು ರೂಬಿಯದೇ, ಬೈನರಿಗೆ ಬದಲಿಸುವುದು, ಅದನ್ನು ಮುಟ್ಟಬೇಡಿ.

ಇದೇ ಬದಲಾವಣೆಗೆ ಸದ್ದಿಲ್ಲದ ಒಂದು ಬಾಲವಿದೆ. ಡೇಟ್_ಫಾರ್ಮ್ಯಾಟ್ಸ್‌ನಲ್ಲಿ :ಡಿಫಾಲ್ಟ್ ಎಂಬ ಕೀಗೆ ನಿಮ್ಮ ಫಾರ್ಮ್ಯಾಟ್ ಕೊಟ್ಟು, ವ್ಯೂನಲ್ಲಿ ದಿನಾಂಕವನ್ನು ಹಾಗೇ ಮುದ್ರಿಸುತ್ತಿದ್ದರೆ, 7.1ರಲ್ಲಿ ಎರರ್ ಬರುವುದಿಲ್ಲ. 15/08/2024 ಎಂದು ಕಾಣುತ್ತಿದ್ದದ್ದು 2024-08-15 ಎಂದು ಕಾಣುತ್ತದೆ, ಅಷ್ಟೇ. ಇನ್‌ವಾಯ್ಸ್, ಸಿಎಸ್‌ವಿ ಎಕ್ಸ್‌ಪೋರ್ಟ್, ಇಮೇಲ್ ಟೆಂಪ್ಲೇಟ್‌ಗಳಲ್ಲಿ ಇದನ್ನು ಖುದ್ದಾಗಿ ನೋಡಬೇಕು. ಟೆಸ್ಟ್‌ಗಳು ಸಾಮಾನ್ಯವಾಗಿ ಹಿಡಿಯುವುದಿಲ್ಲ.

ಎರಡನೆಯದು ಸಮ್. ಹಿಂದೆ ಆಕ್ಟಿವ್ ಸಪೋರ್ಟ್‌ನ ಸಮ್ ಸ್ಟ್ರಿಂಗ್‌ಗಳನ್ನೂ ಅರೇಗಳನ್ನೂ ಕೂಡಿಸುತ್ತಿತ್ತು. 7.1ರಲ್ಲಿ ಉಳಿದಿರುವುದು ರೂಬಿಯ ಸಮ್ ಮಾತ್ರ. ಅದು ಸೊನ್ನೆಯಿಂದ ಶುರು ಮಾಡುವುದರಿಂದ ಸ್ಟ್ರಿಂಗ್ ಎದುರಾದರೆ ಟೈಪ್‌ಎರರ್. ಸ್ಟ್ರಿಂಗ್‌ಗಳಿಗೆ ಜಾಯಿನ್ ಬಳಸಿ. ಅರೇಗಳಿಗೆ ಖಾಲಿ ಅರೇಯನ್ನು ಆರಂಭದ ಬೆಲೆಯಾಗಿ ಕೊಟ್ಟರೂ ನಡೆಯುತ್ತದೆ, ಆದರೆ ಪ್ರತಿ ಹೆಜ್ಜೆಗೂ ಹೊಸ ಅರೇ ಹುಟ್ಟುತ್ತದೆ. ಫ್ಲ್ಯಾಟ್_ಮ್ಯಾಪ್ ಅಥವಾ ಫ್ಲ್ಯಾಟನ್(1) ಮೇಲು. ಇಲ್ಲಿ ಮೋಸ ಹೋಗುವುದು ಖಾಲಿ ಪಟ್ಟಿಯಲ್ಲಿ. ಖಾಲಿ ಪಟ್ಟಿಯ ಸಮ್ ತಕರಾರಿಲ್ಲದೆ 0 ಕೊಡುತ್ತದೆ, ಹಾಗಾಗಿ ದತ್ತಾಂಶವಿಲ್ಲದ ಟೆಸ್ಟ್ ಪಾಸಾಗುತ್ತದೆ. ಹಣದಂತಹ ನಿಮ್ಮದೇ ಕ್ಲಾಸ್‌ಗಳಿದ್ದರೆ ಅದರಲ್ಲಿ ಕೋಅರ್ಸ್ ಮೆಥಡ್ ಇದೆಯೇ ನೋಡಿ. ಇಲ್ಲದಿದ್ದರೆ ಸೊನ್ನೆಗೆ ಕೂಡಿಸುವಾಗಲೇ ಬೀಳುತ್ತದೆ.

ಉಳಿದವು ಚಿಕ್ಕವು. ಕ್ಲಾಸ್ ಫೈಲ್‌ಗಳನ್ನು ತಾನಾಗಿ ಲೋಡ್ ಮಾಡುತ್ತಿದ್ದ ಹಳೆಯ ಕ್ಲಾಸಿಕ್ ಆಟೋಲೋಡರ್ 7.0ರಲ್ಲಿ ಹೋಗಿದೆ, ಉಳಿದಿರುವುದು ಝೈಟ್‌ವರ್ಕ್ ಮಾತ್ರ, ಬಿನ್/ರೇಲ್ಸ್ ಝೈಟ್‌ವರ್ಕ್:ಚೆಕ್ ಅನ್ನು 6.1ರಲ್ಲೇ ಓಡಿಸಿಕೊಳ್ಳಿ. ಆಕ್ಟಿವ್‌ಸಪೋರ್ಟ್::ಡೆಪ್ರಿಕೇಶನ್.ವಾರ್ನ್ ಎಂದು ಕ್ಲಾಸ್ ಮೇಲೇ ಕರೆಯುವುದಕ್ಕೆ 7.1 ಎಚ್ಚರಿಸುತ್ತದೆ. 7.2ರಲ್ಲಿ 'ಪ್ರೈವೇಟ್ ಮೆಥಡ್ ವಾರ್ನ್' ಎಂಬ ವಿಚಿತ್ರ ಎರರ್ ಬಂದರೆ ಗಾಬರಿ ಬೇಡ. ಆ ಮೆಥಡ್ ಹೋದ ಮೇಲೆ ರೂಬಿಗೆ ಸಿಕ್ಕಿದ್ದು ಎಲ್ಲ ಆಬ್ಜೆಕ್ಟ್‌ಗಳಲ್ಲೂ ಇರುವ ಕರ್ನಲ್‌ನ ವಾರ್ನ್, ಅದು ಪ್ರೈವೇಟ್. ಹೆಸರು, ಆವೃತ್ತಿ ಕೊಟ್ಟು ನಿಮ್ಮದೇ ಡೆಪ್ರಿಕೇಟರ್ ಇನ್‌ಸ್ಟನ್ಸ್ ಮಾಡಿಕೊಂಡರೆ ಸರಿಹೋಗುತ್ತದೆ. ಹಳೆಯ ಜೆಮ್‌ಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ.

ನಿಮ್ಮದಲ್ಲದ ತಪ್ಪಿಗೆ ಬರುವ ಎರರ್ ಒಂದಿದೆ: ಲಾಗರ್‌ಥ್ರೆಡ್‌ಸೇಫ್‌ಲೆವೆಲ್ ಒಳಗೆ ಲಾಗರ್ ಎಂಬ ಕಾನ್‌ಸ್ಟಂಟ್ ಇಲ್ಲ ಎನ್ನುತ್ತದೆ. 7.0 ಮತ್ತು ಅದಕ್ಕಿಂತ ಹಳೆಯ ರೇಲ್ಸ್‌ನಲ್ಲಿ, ಬಂಡಲ್ ಅಪ್‌ಡೇಟ್ ಮಾಡಿದ ಕೂಡಲೇ ಕಾಣುತ್ತದೆ. ಕಾನ್ಕರೆಂಟ್-ರೂಬಿ ಜೆಮ್ 1.3.5ರಿಂದ ಲಾಗರ್ ಅನ್ನು ತಾನಾಗಿ ಲೋಡ್ ಮಾಡುವುದನ್ನು ಬಿಟ್ಟಿತು. ಹಳೆಯ ಆಕ್ಟಿವ್ ಸಪೋರ್ಟ್ ಅದನ್ನೇ ನಂಬಿಕೊಂಡಿತ್ತು. ಕಾನ್ಫಿಗ್/ಬೂಟ್ ಫೈಲ್‌ನಲ್ಲಿ ಲಾಗರ್ ಅನ್ನು ರಿಕ್ವೈರ್ ಮಾಡಿ, ಇಲ್ಲವೇ ಆ ಜೆಮ್ ಅನ್ನು 1.3.4ಕ್ಕೆ ಕಟ್ಟಿಹಾಕಿ. 7.1 ತಲುಪಿದ ಮೇಲೆ ಎರಡನ್ನೂ ತೆಗೆಯಬಹುದು.

ಈಗ ಸದ್ದಿಲ್ಲದವು. ಕ್ಯಾಶ್‌ನಿಂದ ಆರಂಭಿಸುತ್ತೇನೆ. 7.0 ಕ್ಯಾಶ್ ಎಂಟ್ರಿಗಳಿಗೆ ಹೊಸ ಫಾರ್ಮ್ಯಾಟ್ ತಂದಿತು, 7.1 ಇನ್ನೊಂದನ್ನು ತಂದಿತು. ಹೊಸ ಆವೃತ್ತಿ ಹಳೆಯ ಫಾರ್ಮ್ಯಾಟ್ ಓದಬಲ್ಲದು, ಹಳೆಯ ಆವೃತ್ತಿ ಹೊಸದನ್ನು ಓದಲಾರದು. ಡೆಪ್ಲಾಯ್ ನಡೆಯುವಾಗ ಎರಡೂ ಬಗೆಯ ಪ್ರೋಸೆಸ್‌ಗಳು ಒಂದೇ ರೆಡಿಸ್ (ಕ್ಯಾಶ್ ಇಡುವ ಸರ್ವರ್) ಹಂಚಿಕೊಳ್ಳುತ್ತವೆ ಎಂಬುದನ್ನು ಮರೆಯಬೇಡಿ. ಆದ್ದರಿಂದ ಕ್ಯಾಶ್_ಫಾರ್ಮ್ಯಾಟ್_ವರ್ಷನ್ ಅನ್ನು 6.1 ಎಂದೇ ಇಟ್ಟು ಜೆಮ್ 7.0 ಡೆಪ್ಲಾಯ್ ಮಾಡಿ, ಹಿಂದಕ್ಕೆ ಹೋಗುವ ಪ್ರಮೇಯವಿಲ್ಲ ಎಂದು ಖಾತ್ರಿಯಾದ ಮೇಲೆ ಪ್ರತ್ಯೇಕ ಡೆಪ್ಲಾಯ್‌ನಲ್ಲಿ 7.0 ಎಂದು ಬದಲಿಸಿ. 7.1ಕ್ಕೂ ಇದೇ ಕ್ರಮ. 7.2ರಲ್ಲಿ 6.1ರ ಫಾರ್ಮ್ಯಾಟ್ ಸೆಟ್ಟಿಂಗ್‌ಗೆ ಬೆಂಬಲವೇ ಇಲ್ಲ, ಮುಂದೂಡಿಕೊಂಡು ಹೋದರೆ ಅಲ್ಲಿ ಸಿಕ್ಕಿಬೀಳುತ್ತೀರಿ. ಈ ಸಾಲನ್ನು ಬರೆಯಬೇಕಾದದ್ದು ಕಾನ್ಫಿಗ್/ಅಪ್ಲಿಕೇಶನ್ ಫೈಲ್‌ನಲ್ಲಿ. ಇನಿಶಿಯಲೈಸರ್ ಓಡುವ ಹೊತ್ತಿಗೆ ಕ್ಯಾಶ್ ಸ್ಟೋರ್ ಆಗಲೇ ತಯಾರಾಗಿರುತ್ತದೆ, ಅಲ್ಲಿ ಬರೆದರೆ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ದುಬಾರಿಯಾಗಬಹುದಾದದ್ದು ಕೀ_ಜನರೇಟರ್_ಹ್ಯಾಶ್_ಡೈಜೆಸ್ಟ್_ಕ್ಲಾಸ್. ಲೋಡ್_ಡಿಫಾಲ್ಟ್ಸ್ 7.0 ಇದನ್ನು ಎಸ್‌ಎಚ್‌ಎ1ರಿಂದ ಎಸ್‌ಎಚ್‌ಎ256ಕ್ಕೆ ಬದಲಿಸುತ್ತದೆ. ಸೀಕ್ರೆಟ್_ಕೀ_ಬೇಸ್ (ಆ್ಯಪ್‌ನ ಮೂಲ ರಹಸ್ಯ ಕೀ) ಅದೇ ಇದ್ದರೂ ಅದರಿಂದ ಹುಟ್ಟುವ ಕೀಗಳೆಲ್ಲ ಬೇರೆಯಾಗುತ್ತವೆ, ಬಳಕೆದಾರರೆಲ್ಲ ಒಟ್ಟಿಗೆ ಲಾಗ್‌ಔಟ್. ತಪ್ಪಿಸಲು ಕುಕಿ ರೊಟೇಟರ್ ಬರೆಯಬೇಕು: ಎಸ್‌ಎಚ್‌ಎ1, ಇಟರೇಶನ್ 1000 ಇಟ್ಟು ಹಳೆಯ ಕೀ ಮತ್ತೆ ಹುಟ್ಟಿಸಿ, ಅದನ್ನು ಎನ್‌ಕ್ರಿಪ್ಟೆಡ್ ಮತ್ತು ಸೈನ್ಡ್ ಕುಕಿಗಳ ರೊಟೇಶನ್‌ಗೆ ಸೇರಿಸುವುದು. ಕುಕಿಯ ಆಯಸ್ಸು ಮುಗಿದ ಮೇಲೆ ತೆಗೆದುಹಾಕಿ. ಆದರೆ ರೊಟೇಟರ್ ಕಾಯುವುದು ಕುಕಿಗಳನ್ನು ಮಾತ್ರ. ಆಕ್ಟಿವ್ ಸ್ಟೋರೇಜ್‌ನ ಸಹಿ ಹಾಕಿದ ಲಿಂಕ್‌ಗಳು, ಸೈನ್ಡ್_ಐಡಿಗಳು, ಮೆಸೇಜ್ ವೆರಿಫೈಯರ್‌ನಿಂದ ಮಾಡಿದ ಟೋಕನ್‌ಗಳು ಅದೇ ಕೀಗಳನ್ನು ನೆಚ್ಚಿಕೊಂಡಿವೆ. ಈಗಾಗಲೇ ಕಳಿಸಿದ ಇಮೇಲ್‌ಗಳಲ್ಲಿ ಅಂಥ ಲಿಂಕ್‌ಗಳಿದ್ದರೆ ಅವು ಸಾಯುತ್ತವೆ. ಇಂಥವು ಬಹಳ ಇದ್ದರೆ ನಾನಾದರೆ ಈ ಒಂದು ಸೆಟ್ಟಿಂಗ್ ಅನ್ನು ಎಸ್‌ಎಚ್‌ಎ1 ಎಂದೇ ಸ್ಪಷ್ಟವಾಗಿ ಬರೆದು ಉಳಿದ ಅಪ್‌ಗ್ರೇಡ್ ಮುಗಿಸುತ್ತೇನೆ. ಕೀ ಹುಟ್ಟಿಸುವ ಈ ಬಳಕೆಯಲ್ಲಿ ಅದು ತುರ್ತಾಗಿ ಬದಲಿಸಬೇಕಾದ ದೌರ್ಬಲ್ಯವಲ್ಲ. ಹೆಸರಲ್ಲಿ ಹೋಲುವ ಹ್ಯಾಶ್_ಡೈಜೆಸ್ಟ್_ಕ್ಲಾಸ್ ಮಾತ್ರ ಬೇರೆ. ಅದು ಇಟ್ಯಾಗ್ (ಪುಟ ಬದಲಾಗಿದೆಯೇ ಎಂದು ಬ್ರೌಸರ್‌ಗೆ ತಿಳಿಸುವ ಗುರುತು) ಮತ್ತು ಕ್ಯಾಶ್ ಕೀಗಳಿಗೆ ಸಂಬಂಧಿಸಿದ್ದು, ಬದಲಿಸಿದರೆ ಒಮ್ಮೆ ಕ್ಯಾಶ್ ತಪ್ಪುತ್ತದೆ, ಅಷ್ಟರಲ್ಲಿ ಮುಗಿಯಿತು.

7.1ರ ಮೆಸೇಜ್_ಸೀರಿಯಲೈಸರ್ ಕೂಡ ಗಮನಿಸಿ. ಹೊಸ ಡಿಫಾಲ್ಟ್ ಜೇಸನ್‌ನಲ್ಲಿ ಬರೆದು, ಹಳೆಯ ಮಾರ್ಷಲ್ (ರೂಬಿಯದೇ ಸೀರಿಯಲೈಸ್ ಫಾರ್ಮ್ಯಾಟ್) ಬಂದರೆ ಅದನ್ನೂ ಓದುತ್ತದೆ. ಸುರಕ್ಷತೆಗೆ ಇದು ಒಳ್ಳೆಯದೇ. ಆದರೆ ಸಿಂಬಲ್ ಇಟ್ಟದ್ದು ಸ್ಟ್ರಿಂಗ್ ಆಗಿ ಮರಳುತ್ತದೆ, ಟೈಮ್ ಇಟ್ಟದ್ದೂ ಹಾಗೆಯೇ. ಟೋಕನ್ ಒಳಗೆ ಹ್ಯಾಶ್ ತುಂಬಿಸಿ ಆಮೇಲೆ ಸಿಂಬಲ್ ಕೀಯಿಂದ ಹುಡುಕುವ ಕೋಡ್‌ಗೆ ನಿಲ್ ಸಿಗುತ್ತದೆ.

ಲಾಭದ ವಿಷಯ. ನನಗೆ ದಿನವೂ ಉಪಯೋಗಕ್ಕೆ ಬರುವುದು 7.0ರ ಸೋಲ್. ಪಟ್ಟಿಯಲ್ಲಿ ಒಂದೇ ಒಂದು ಇದ್ದರೆ ಅದನ್ನು ಕೊಡುತ್ತದೆ, ಸೊನ್ನೆ ಅಥವಾ ಎರಡು ಇದ್ದರೆ ಎರರ್. 'ಒಂದೇ ಇರುತ್ತದೆ' ಎಂಬ ನಂಬಿಕೆಯಲ್ಲಿ ಫರ್ಸ್ಟ್ ಬರೆದ ಕಡೆಯೆಲ್ಲ ಇದನ್ನು ಹಾಕಿ. ಇನ್_ಆರ್ಡರ್_ಆಫ್ ನೀವು ಕೊಟ್ಟ ಕ್ರಮದಲ್ಲಿ ಜೋಡಿಸುತ್ತದೆ, ಆದರೆ ಕ್ರಮದ ಪಟ್ಟಿಯಲ್ಲಿಲ್ಲದ ಸದಸ್ಯರನ್ನು ಬಿಟ್ಟೇಬಿಡುತ್ತದೆ. 6.1ರಲ್ಲೇ ಇದ್ದ ಕಾಂಪ್ಯಾಕ್ಟ್_ಬ್ಲ್ಯಾಂಕ್ ಹಲವರ ಕಣ್ಣಿಗೆ ಬಿದ್ದಿಲ್ಲ. ಅದು ನಿಲ್, ಖಾಲಿ ಸ್ಟ್ರಿಂಗ್‌ಗಳ ಜೊತೆಗೆ ಫಾಲ್ಸ್ ಅನ್ನೂ ಎಸೆಯುತ್ತದೆ, ಹಾಗಾಗಿ ಹೌದು-ಇಲ್ಲ ಸೆಟ್ಟಿಂಗ್‌ಗಳ ಹ್ಯಾಶ್‌ಗೆ ಬಳಸಬೇಡಿ. 7.1ರ ವಿತ್ ಒಂದು ಬ್ಲಾಕ್ ಮಟ್ಟಿಗೆ ಆಟ್ರಿಬ್ಯೂಟ್ ಬದಲಿಸಿ, ಎರರ್ ಬಂದರೂ ಮೊದಲಿನಂತೆ ಮಾಡುತ್ತದೆ. ಟೆಸ್ಟ್‌ಗಳಿಗೆ ಸೊಗಸು. ಹಲವು ಥ್ರೆಡ್‌ಗಳು ಹಂಚಿಕೊಳ್ಳುವ ಕಾನ್ಫಿಗ್ ಮೇಲೆ ಪ್ರೊಡಕ್ಷನ್‌ನಲ್ಲಿ ಬಳಸಿದರೆ ಆ ಕ್ಷಣದ ಬೆಲೆ ಉಳಿದ ಥ್ರೆಡ್‌ಗಳಿಗೂ ಕಾಣುತ್ತದೆ.

ಕೋಡ್ ಶುಚಿ ಮಾಡುವ ಉತ್ಸಾಹದಲ್ಲಿ ಆಕ್ಟಿವ್ ಸಪೋರ್ಟ್‌ನ ಟ್ರೈ ಇರುವಲ್ಲೆಲ್ಲ ರೂಬಿಯ ಸೇಫ್ ನ್ಯಾವಿಗೇಶನ್ (&.) ಹಾಕುವವರಿದ್ದಾರೆ. ಎರಡೂ ಒಂದಲ್ಲ. ಆಬ್ಜೆಕ್ಟ್‌ನಲ್ಲಿ ಆ ಮೆಥಡ್ ಇಲ್ಲದಿದ್ದರೆ ಟ್ರೈ ನಿಲ್ ಕೊಟ್ಟು ಸುಮ್ಮನಾಗುತ್ತದೆ, ಇನ್ನೊಂದು ನೋಮೆಥಡ್‌ಎರರ್ ಎಸೆಯುತ್ತದೆ. ಬೇರೆ ಬೇರೆ ಕ್ಲಾಸ್‌ಗಳ ವಸ್ತುಗಳು ಒಂದೇ ಪಟ್ಟಿಯಲ್ಲಿ ಬರುವ ಕಡೆ ಟ್ರೈ ಬೇಕೆಂದೇ ಬರೆದಿರಬಹುದು. ಈ ಬದಲಾವಣೆಯನ್ನು ಅಪ್‌ಗ್ರೇಡ್ ಬ್ರಾಂಚ್‌ನಲ್ಲಿ ಸೇರಿಸಬೇಡಿ, 7.2 ಪ್ರೊಡಕ್ಷನ್‌ನಲ್ಲಿ ನೆಲೆಯಾದ ಮೇಲೆ ಒಂದೊಂದು ಕಡೆಯೂ ಓದಿ ನೋಡಿ ಮಾಡಿ.